ಸೀಮೆಸುಣ್ಣದ ದೋಣಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ.
ಎರಡನ್ನೂ ನೋಡಿ ಮುಗಿಸಿದ ಆಲ್ಡನ್‌ಗೆ
ಅರವತ್ತೇಳರಲ್ಲಿ ದೋಣಿಯ ಚಿಂತೆ:
ಕಟ್ಟುವುದೋ, ಕೊಳ್ಳುವುದೋ.

ಮೂರು ವಾರದಿಂದ ನಮ್ಮ ಊಟದ ಮೇಜಿನ ಮೇಲೆ
ಉಪ್ಪಿನ ಡಬ್ಬಿಗೂ ಜಾಗವಿಲ್ಲ.
ಒಂದು ಕಡೆ ಬ್ರನ್ಸ್‌ವಿಕ್ ಅಂಗಡಿಯ ಮಿರುಗುವ ಪಟ್ಟಿ,
ಹದಿನಾಲ್ಕಡಿ ಅಲ್ಯೂಮಿನಿಯಂ, ಜೊಂಡಿನ ಬಣ್ಣ ಬಳಿದದ್ದು;
ಬೆಲೆಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ
ಅಳಿಸಿ, ಮತ್ತೆ ಹಾಕಿದ್ದಾನೆ.
ಇನ್ನೊಂದು ಕಡೆ ಅವನಪ್ಪ ಎಲ್‌ಬ್ರಿಜ್ ಬರೆದಿಟ್ಟ ಅಳತೆಗಳು,
ಓಟ್ಸ್ ಡಬ್ಬಿಯ ರಟ್ಟಿನ ಹಿಂಬದಿಯಲ್ಲಿ,
ಎಂಟು ಯಾವುದು ಮೂರು ಯಾವುದು
ಆ ದೇವರಿಗೇ ಗೊತ್ತು.

ತಗಡಿನದು ಕೊಂಡರೆ ಶನಿವಾರವೇ ನೀರಿಗಿಳಿಸಬಹುದು, ಅಂದೆ.
ತಗಡಿನಲ್ಲಿ ಒಂದು ತೋಟಾ ಬಿದ್ದರೂ ಸಾಕು, ಅಂದ,
ಶಾಲೆ ಬಿಟ್ಟ ಗಂಟೆ ಕೇಳಿದ ಹಾಗೆ
ಆರು ಹೊಳೆ ಕೂಡುವ ಕೊಲ್ಲಿಯ ಬಾತುಗಳೆಲ್ಲ
ಎದ್ದು ಹೋಗುತ್ತವೆ.

ಅವನಪ್ಪನ ದೋಣಿ ಸದ್ದೇ ಮಾಡುತ್ತಿರಲಿಲ್ಲವಂತೆ.
ಅಂಗಾತ ಮಲಗಿ, ಹಿಂಬದಿಯ ತೂತಿನಲ್ಲಿ ತೂರಿಸಿದ ಒಂದೇ ಹುಟ್ಟನ್ನು
ಮೀನು ಬಾಲ ಆಡಿಸುವಷ್ಟು ಮಾತ್ರ ಆಡಿಸುತ್ತ
ಕೆನೆಬೆಕ್‌ನ ಇಳಿತದಲ್ಲಿ, ಮೂತಿಗೆ ಕಾಡುಭತ್ತದ ಹುಲ್ಲು ಹೊದಿಸಿ,
ಎಲ್ಲಿಂದಲೋ ಕಿತ್ತುಬಂದ ಹುಲ್ಲುಮುದ್ದೆಯ ಹಾಗೆ
ಕಪ್ಪುಬಾತುಗಳ ನಡುವೆಯೇ ಹೋಗಿಬಿಡುತ್ತಿದ್ದರಂತೆ.
ನಾನು ಕಂಡದ್ದು ಅದರ ಕೊನೆಗಾಲ ಮಾತ್ರ.
ಅತ್ತೆ ಅದಕ್ಕೆ ಮಣ್ಣು ತುಂಬಿ ಬೀಟ್‌ರೂಟ್ ಹಾಕಿದ್ದರು.
ಬೀಟ್‌ರೂಟ್ ಚೆನ್ನಾಗಿ ಬಂದಿತ್ತು.

ಕಟ್ಟುವುದೆಂದರೆ ಎರಡು ಚಳಿಗಾಲ.
ಗಂಟಿಲ್ಲದ ಸೀಡರ್ ಹಲಗೆ ಹುಡುಕಬೇಕು,
ಓಕ್ ಪಕ್ಕೆಗಳನ್ನು ಹಬೆಯಲ್ಲಿ ಬೇಯಿಸಿ
ಬಿಸಿ ಆರುವ ಮೊದಲು ಬಗ್ಗಿಸಬೇಕು,
ಬಗ್ಗಿಸುವ ಆ ಬಲಭುಜದಲ್ಲಿ
ಮಾರ್ಚ್ ತಿಂಗಳಿಂದ ಮೂರು ಸ್ಕ್ರೂ ಕೂತಿವೆ.
ತಾಮ್ರದ ಮೊಳೆಯ ಬೆಲೆ ಕೇಳಿ
ನಾನೇ ಕುರ್ಚಿ ಹಿಡಿದುಕೊಂಡೆ.

ಕೊಂಡದ್ದು ಎಷ್ಟಾದರೂ ಇನ್ನೊಬ್ಬರ ದೋಣಿ, ಅಂದ.
ನೀನು ತೊಟ್ಟಿರುವ ಚಡ್ಡಿ ಯಾರು ಹೊಲಿದದ್ದು? ಅಂದೆ.

ಇಬ್ಬರೂ ಬಾಯಿಬಿಟ್ಟು ಆಡದ ಲೆಕ್ಕ
ಒಲೆಯ ಪಕ್ಕ ಮಲಗಿದೆ.
ಟ್ಯಾನ್ಸಿಗೆ ಹನ್ನೊಂದು ತುಂಬಿತು.
ಎರಡು ಚಳಿಗಾಲ ಅನ್ನುವಾಗ ಅವನು
ಅವಳತ್ತ ನೋಡುವುದಿಲ್ಲ,
ನೋಡದಿರುವುದು ನನಗೆ ಕಾಣುತ್ತದೆ.
ಅಂಗಡಿಯಲ್ಲಿ ಆ ತಗಡಿನ ನೆಲದ ಮೇಲೆ ಹತ್ತಿಸಿದಾಗ
ಉಗುರು ಜಾರಿ, ನಾಲ್ಕು ಕಾಲು ನಾಲ್ಕು ದಿಕ್ಕಿಗಾಗಿ
ನಿಂತಲ್ಲೇ ನಿಂತು ನಮ್ಮನ್ನು ನೋಡಿದಳು.
ಮಾರುವ ಹುಡುಗ ನಕ್ಕ. ಆಲ್ಡನ್ ನಗಲಿಲ್ಲ.
ರಬ್ಬರ್ ಹಾಸು ಹಾಕಿಸಬಹುದು ಸರ್, ಅಂದ ಹುಡುಗ,
ಅದಕ್ಕೆ ಬೇರೆ ದುಡ್ಡು.

ನಿನ್ನೆ ರಾತ್ರಿ ಊಟಕ್ಕೆ ಕರೆಯಲು ಕೊಟ್ಟಿಗೆಗೆ ಹೋದೆ.
ಟ್ರ್ಯಾಕ್ಟರನ್ನು ಹೊರಗೆ ನಿಲ್ಲಿಸಿ, ನೆಲ ಗುಡಿಸಿ
ಪೂರ್ತಿ ಅಳತೆಯಲ್ಲಿ ದೋಣಿ ಬರೆದಿದ್ದಾನೆ, ಸೀಮೆಸುಣ್ಣದಲ್ಲಿ.
ಎಡಗಡೆಯ ಗೆರೆ ಒಂದೆಡೆ ಮೂರು ಸಲ ತಿದ್ದಿ ಬೆಳ್ಳಗಾಗಿದೆ,
ಎಂಟೋ ಮೂರೋ ಎಂಬ ಜಾಗ ಇರಬೇಕು.
ಒಳಗೆ ಅಂಗಾತ ಮಲಗಿದ್ದಾನೆ,
ಬಲಗೈ ತಲೆಯ ಹಿಂದೆ, ಇಲ್ಲದ ಹುಟ್ಟಿನ ಮೇಲೆ.
ಎಷ್ಟು ಹೊತ್ತು ತಾಳುತ್ತೆ ನೋಡ್ತಿದೀನಿ, ಅಂದ,
ಭುಜ ಅಂತ ಹೇಳಲಿಲ್ಲ.
ಅವನ ಕಾಲ ಬಳಿ ಟ್ಯಾನ್ಸಿ,
ಗೆರೆಯಾಚೆ ಬಾಲದ ತುದಿಯನ್ನೂ ಚಾಚದೆ.

ಸೂಪು ಆರುತ್ತಿದೆ ಅನ್ನಲು ಬಂದವಳು
ಏನೂ ಅನ್ನದೆ
ಗೆರೆ ತುಳಿಯದ ಹಾಗೆ ಕಾಲೆತ್ತಿ ಒಳಗಿಟ್ಟೆ.
ನಿಧಾನ, ಅಂದ ಆಲ್ಡನ್,
ಒಂದು ಕಡೆಗೆ ವಾಲುತ್ತೆ.