ಗೂಡು ಹಿಡಿಯುವ ಅಭ್ಯಾಸ

ಶಿಡ್ಲಘಟ್ಟದ ನಮ್ಮ ಸ್ಕೂಲಿನಲ್ಲಿ
ಪೀಟಿ ಮೇಷ್ಟ್ರ ಹುದ್ದೆ ಖಾಲಿ ಬಿದ್ದು ಮೂರು ವರ್ಷ.
"ಹಿಂದಿ ಪೀರಿಯಡ್ಡು ಕಮ್ಮಿ ಅಲ್ವೇನಮ್ಮ ನಿಮ್ಗೆ"
ಅಂತ ಹೆಡ್ಮೇಷ್ಟ್ರು ಬೀಗದ ಕೈ ಕೊಟ್ಟರು.
ಪೆಟ್ಟಿಗೆಯಲ್ಲಿ ಎರಡು ಬ್ಯಾಟು, ಎಡಗಾಲಿನದೊಂದೇ ಪ್ಯಾಡು,
ಇಲಿ ಬಾಣಂತನ ಮುಗಿಸಿ ಹೋದ ಗ್ಲೌಸು.

ಓವರಿಗೆ ಆರು ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು.
ಸ್ಕೋರ್ ಪುಸ್ತಕದಲ್ಲಿ ಹದಿನಾಲ್ಕು ಹೆಸರು ಬರೆದೆ,
ಹಾಜರಿ ಹಾಕಿದ ಹಾಗೆ.

ಜುಲೈ. ಚಿಂತಾಮಣಿ.
ಅವರು ನೂರ ನಲವತ್ತು, ನಾವು ಮೂವತ್ತೊಂದು,
ಅದರಲ್ಲಿ ಹನ್ನೊಂದು ವೈಡು.
ಕೈಗೆ ಬಂದ ಕ್ಯಾಚು ಐದು. ಕೈಯಲ್ಲಿ ಉಳಿದದ್ದು ಸೊನ್ನೆ.
ಚೌಡೇಶ ಬಿಟ್ಟದ್ದೇ ಮೂರು:
ಚೆಂಡು ಇಳಿಯುವ ಹೊತ್ತಿಗೆ ಅವನ ಕೈ ಕಲ್ಲು, ಕಣ್ಣು ಮುಚ್ಚಿದ ಬಾಗಿಲು.
ವಾಪಸ್ ಬರುವಾಗ ಬಸ್ಸಿನಲ್ಲಿ
ಕಿಟಕಿ ಸೀಟಿಗೆ ಯಾರೂ ಜಗಳವಾಡಲಿಲ್ಲ.

ಮರುದಿನ ತಬ್ರೇಜನ ಅಮ್ಮ ಬಂದಳು,
ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು,
ದುಪಟ್ಟಾದ ಗಂಟಿನಲ್ಲಿ ಎರಡು ಹಿಡಿ ರೇಷ್ಮೆಗೂಡು.
"ಇದನ್ನ ಎಸೀರಿ ಟೀಚರ್.
ಕೈ ಗಟ್ಟಿ ಮಾಡಿದ್ರೆ ನಜ್ಜಾಗುತ್ತೆ,
ನಜ್ಜಾದ್ರೆ ಎಳೆ ಬರಲ್ಲ.
ಈ ಊರ ಮಕ್ಕಳಿಗೆ ಅಷ್ಟೂ ಗೊತ್ತಿಲ್ವಾ?"

ವಾರವಾರ ಹೊಸ ಗೂಡು ಕಳಿಸಿದಳು. ವಾರವಾರ ಎಸೆದೆ.
ಗಾಳಿಗೆ ತನ್ನಿಷ್ಟಕ್ಕೆ ತೇಲುವ ವಸ್ತು,
ನೋಡದೆ ಹಿಡಿಯಲಾಗದು, ಅವಸರಪಟ್ಟರೆ ಸಿಗದು.
ಒಳಗಿನ ಹುಳ ಗಿಲಕ್ ಅಂದರೆ
ಹಿಡಿದವನು ಔಟು, ಅದು ಅವರೇ ಮಾಡಿಕೊಂಡ ಕಾನೂನು.

ತಬ್ರೇಜನ ಬೆರಳಿನದು ಬೇರೆ ಕಥೆ.
ಬೋಗುಣಿಯಲ್ಲಿ ಎಳೆಯ ತುದಿ ಹುಡುಕಿ ಪಳಗಿದ ಬೆರಳು
ಒಂದು ಸಂಜೆ ಚೆಂಡಿನ ಹೊಲಿಗೆ ಸವರಿತು;
ಚೆಂಡು ಬಿದ್ದು, ಯೋಚಿಸಿ, ಬಲಕ್ಕೆ ಹೊರಳಿತು.
"ಏನೋ ಮಾಡಿದೆ?"
"ಗೊತ್ತಿಲ್ಲ ಮಿಸ್. ಬಿಚ್ಕೊಂಡ್ತು."

ಓಟದ್ದೊಂದು ಗೋಳು ಉಳಿದಿತ್ತು.
ಮುನೇಂದ್ರ "ರಾ ರಾ" ಅನ್ನುವನು, ಜಬಿ "ರುಕ್" ಅನ್ನುವನು,
ಇಬ್ಬರೂ ಒಂದೇ ತುದಿಯಲ್ಲಿ ಸೇರಿ ಮುಖ ಮುಖ ನೋಡುವರು.
ಪಂಚಾಯಿತಿ ಮಾಡಿದೆವು: ಓಡಲು "ಬಾ", ನಿಲ್ಲಲು "ಬ್ಯಾಡ".
ಎರಡೂ ಬಕಾರವೇ ಎಂದು ತಿಳಿದದ್ದು ಗೌರಿಬಿದನೂರಿನಲ್ಲಿ,
ಇನ್ನೆರಡು ರನ್ನೌಟಾದ ಮೇಲೆ.

ಬಾಗೇಪಲ್ಲಿಯ ಮೇಲೆ ಗೆದ್ದೆವು.
ಅವರಲ್ಲಿ ಅರ್ಧ ಜನಕ್ಕೆ ಜ್ವರ.
ಆದರೂ ಗೆದ್ದೆವು.

ಜನವರಿ. ಚಿಕ್ಕಬಳ್ಳಾಪುರ.
ನಂದಿಯ ಮಂಜು ಮೈದಾನದಿಂದ ಇನ್ನೂ ಎದ್ದಿರಲಿಲ್ಲ.
ಚೆಂಡು ಮೇಲೆ ಹೋಯಿತು, ಕಾಣದಾಯಿತು.
ಪೆನ್ಸಿಲ್ ಎತ್ತಿದವಳು ಬರೆಯಲಿಲ್ಲ.
ಕೆಳಗೆ ಚೌಡೇಶ, ಕಣ್ಣು ಬಿಟ್ಟುಕೊಂಡೇ ಇದ್ದ.
ಚಂದ್ರಿಕೆಯಿಂದ ಗೂಡು ಬಿಡಿಸಿದ ಹಾಗೆ
ಮಂಜಿನಿಂದ ಅದನ್ನು ಬಿಡಿಸಿಕೊಂಡ.
ಸದ್ದೇ ಆಗಲಿಲ್ಲ.

ನಾಲ್ಕು ರನ್ನಿನಿಂದ ಸೋತೆವು.
ಬಸ್ಸಿನಲ್ಲಿ ಕಿಟಕಿ ಸೀಟಿಗೆ ಹೊಡೆದಾಟ.

ಕೊನೆಯ ವಾರದ ಗೂಡೊಂದನ್ನು ಡ್ರಾಯರಿನಲ್ಲಿ ಮರೆತಿದ್ದೆ.
ಸೋಮವಾರ ಎಳೆದರೆ, ಗೂಡಿಗೆ ತೂತು,
ಮೂಲೆಯಲ್ಲಿ ಹಾರಲು ಬಾರದ ಬಿಳಿ ಚಿಟ್ಟೆ
ಸುಮ್ಮನೆ ರೆಕ್ಕೆ ನಡುಗಿಸುತ್ತಿದೆ.
ಪಾಠ ಮಾಡಬಹುದಿತ್ತು. ಬಾಯಿ ತೆರೆದೆ ಕೂಡ.
ಅಷ್ಟರಲ್ಲಿ ಜಬಿ:
"ತೂತು ಗೂಡಿಗೆ ರೇಟಿಲ್ಲ ಮಿಸ್.
ಹೊಸ ಬಾಲಿಗೆ ದುಡ್ಡು ಯಾರು ಕೊಡ್ತಾರೆ?"

ಸ್ಕೋರ್ ಪುಸ್ತಕದ ಮೇಲೊಂದು ಕಂದು ಕಲೆ,
ಸರಿಯಾಗಿ ಎಕ್ಸ್‌ಟ್ರಾ ಕಾಲಮ್ಮಿನಲ್ಲಿ.
ಅಳಿಸಲಿಲ್ಲ.