ಅಕ್ಕಿಯ ಕಲ್ಲು

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನೆದುರು
ಔಷಧಿ ಅಂಗಡಿಯ ಮಾಳಿಗೆ.
ಕುರ್ಚಿ ಹಿಂದಕ್ಕೆ ಮಲಗಿತು, ಜೊತೆಗೆ ನಾನೂ.
‘ಏನು ಕಚ್ಚಿದಿರಿ, ಚೀಯಣ್ಣ?’
‘ಅಕ್ಕಿಯಲ್ಲಿ ಕಲ್ಲು.’
ಡಾಕ್ಟರ್ ಬೊಳ್ಳಮ್ಮ, ನನ್ನ ಮಗಳ ವಾರಿಗೆ,
ದೀಪ ಎಳೆದು, ಪುಟ್ಟ ಕನ್ನಡಿ ತೂರಿಸಿ ನೋಡಿದಳು.
ಮಾಸ್ಕಿನ ಮೇಲೆ ಕಣ್ಣು ಮಾತ್ರ ನಕ್ಕಿತು.
‘ನಮ್ಮಪ್ಪನಿಗೂ ಸಿಕ್ಕಿತ್ತು ಇಂಥದೇ ಕಲ್ಲು.
ಸೀಸದ್ದು.’

ಬಾಯಿ ತೆರೆದು ಮಲಗಿದವನು
ಸುಳ್ಳು ಹೇಳಲಾರ. ನಿಜವನ್ನೂ.

ಕಲ್ಲಿನದೇ ತಪ್ಪಲ್ಲವಂತೆ,
ಒಳಗೆ ಎಂದೋ ಟೊಳ್ಳಾಗಿತ್ತಂತೆ.
ಅದು ನನಗೆ ಗೊತ್ತಿರುವ ವಿದ್ಯೆ:
ಮೂವತ್ತು ವರ್ಷ ಅರೇಬಿಕಾ ಗಿಡದ ಕಾಂಡ ತಡವಿದ ಕೈ ಇದು.
ಎಲೆ ಹಳದಿಯಾಗುವ ಹೊತ್ತಿಗೆ
ಕೊರಕ ಸುರಂಗ ತೋಡಿ ಮುಗಿಸಿರುತ್ತದೆ.
ಗಿಡವನ್ನಾದರೆ ಬುಡಸಮೇತ ಕಿತ್ತು ಸುಡುತ್ತೇವೆ.
ಹಲ್ಲನ್ನು?

ಆಕೆ ಬೆರಳು ಮಡಚಿದಳು.
ಬರೀ ಸಿಮೆಂಟು ತುಂಬಿದರೆ
ಪುತ್ತರಿಯವರೆಗೆ ಬಂದೀತು, ಗ್ಯಾರಂಟಿ ಇಲ್ಲ.
ಕೀಳಿಸುವುದು ಅಗ್ಗ; ನಾಲಿಗೆ ಮಾತ್ರ
ದಿನಾ ಆ ಗುಳಿಗೆ ಹೋಗಿ ಬರುತ್ತದೆ.
ಮೂಳೆಯೊಳಗೆ ಸ್ಕ್ರೂ ನೆಡಬಹುದು.
ಆ ದುಡ್ಡಿಗೆ ನಮ್ಮ ಜೀಪಿನ ಇಂಜಿನ್ನೇ ಹೊಸದಾದೀತು.
ಕಿತ್ತಮೇಲೆ ಬ್ರಿಜ್ಜು ಕಟ್ಟುವುದೂ ಇದೆ,
‘ಅತ್ತಿತ್ತಲ ಎರಡು ಗಟ್ಟಿ ಹಲ್ಲು ಸ್ವಲ್ಪ ಸವೆಸಬೇಕು.’

ಬೇಡ ಅಂದೆ, ಹತ್ತಿ ತುಂಬಿದ ಬಾಯಲ್ಲೇ.
ಬೇಲಿ ಒಂದು ಮೊಳ ಜರುಗಿಸಿ
ಪಕ್ಕದ ತೋಟದವನೊಡನೆ ಹದಿನಾಲ್ಕು ವರ್ಷ
ವಿರಾಜಪೇಟೆ ಕೋರ್ಟಿಗೆ ಅಲೆದವನು ನಾನು.
ನೆರೆಯವರನ್ನು ಇನ್ನು ಸವೆಸಲಾರೆ.

ಉಳಿದದ್ದು ಒಂದು:
ನರ ತೆಗೆದು, ಬೇರು ತೊಳೆದು, ಮೇಲೊಂದು ಟೋಪಿ.
‘ಆಮೇಲೆ ಹಲ್ಲು ಬದುಕಿರುತ್ತದಾ?’
‘ಇಲ್ಲ. ಆದರೆ ಅಗಿಯುತ್ತದೆ.’

ನಮ್ಮ ಗೇಟಿನ ಬಳಿಯ ಸಿಲ್ವರ್ ಮರ
ಸತ್ತು ನಾಲ್ಕು ವರ್ಷವಾಯಿತು.
ಮೆಣಸಿನ ಬಳ್ಳಿಗೆ ಯಾರೂ ಹೇಳಿಲ್ಲ.

ಮೂರು ಸಲ ಹೋದೆ.
ಬಣ್ಣ ಆರಿಸಲು ಸಾಲು ಹಲ್ಲುಗಳ ಪಟ್ಟಿ ಹಿಡಿದಳು;
ಕಾಫಿ ಕುಡಿದ ನನ್ನ ಬಣ್ಣ
ಕೊನೆಯಿಂದ ಎರಡನೆಯದು.
ಅದನ್ನೇ ಕೊಡು ಅಂದೆ, ಒಂಟಿಯಾಗಿ ಬೆಳ್ಳಗೆ ನಗುವುದು ಬೇಡ.

ಭಾನುವಾರ ಮತ್ತೆ ಭಾವನ ಮನೆ,
ಕಡಂಬುಟ್ಟು, ಕಾಚಂಪುಳಿ ಹಾಕಿದ ಅದೇ ಕಪ್ಪು ಸಾರು.
‘ಈ ಸಲ ಅಕ್ಕಿ ಚೆನ್ನಾಗಿ ಆರಿಸಿದ್ದೇವೆ’ ಅಂದ ಭಾವ,
ಯಾರ ಮುಖವನ್ನೂ ನೋಡದೆ.
ಹೊಸ ಟೋಪಿಯ ಕಡೆಯಿಂದಲೇ ಅಗಿದೆ.

ಟಕ್.

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು.
ಕಾಳುಮೆಣಸು, ಅಂದೆ.