ಕೆಲವರಪಳ್ಳಿಯಲ್ಲಿ ಭೂಗೋಳದ ಪಾಠ

ಪಾಠ ಹನ್ನೊಂದು. ಹ್ವಾಂಗ್ ಹೋ.
ಮದ್ರಾಸಿನಲ್ಲಿ ಅಚ್ಚಾಗಿ ಬಂದ ನಮ್ಮ ಕನ್ನಡ ಪುಸ್ತಕದಲ್ಲಿ
ಅದು ‘ಚೀನಾದ ಕಣ್ಣೀರು’, ದಪ್ಪಕ್ಷರದಲ್ಲಿ,
ಪರೀಕ್ಷೆಗೆ ಒಂದು ಅಂಕ.

ಹಳದಿ ಯಾಕೆ ಸಾರ್, ಅಂದ ಹಿಂದಿನ ಬೆಂಚಿನ ವೆಂಕಟಮುನಿ.
ಮಣ್ಣಪ್ಪ, ಅಂದೆ. ಗಾಳಿ ತಂದು ಪೇರಿಸಿದ ಹಿಟ್ಟಿನಂಥ ಮಣ್ಣು,
ಗುಡ್ಡಗುಡ್ಡವೇ ಕರಗಿ ಹೊಳೆಗೆ ಇಳಿಯುತ್ತೆ.
ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿದೆ:
ದಡದ ಊರು, ಗೋಧಿ ಹೊಲ, ಉಕ್ಕಿನ ಕಾರ್ಖಾನೆ
ಒಂದೊಂದು ಬೊಗಸೆ ಎತ್ತುತ್ತ ಎತ್ತುತ್ತ
ಒಂದು ವರ್ಷ ಇನ್ನೂರು ದಿನಕ್ಕೂ ಮಿಕ್ಕಿ
ಆ ನದಿ ಕಡಲಿಗೆ ಹೋಗಲೇ ಇಲ್ಲ.
ಅಷ್ಟು ದೊಡ್ಡದು. ದಾರಿಯಲ್ಲೇ ಮುಗಿದುಹೋಯಿತು,
ಇಪ್ಪತ್ತನೇ ತಾರೀಕಿನ ಸಂಬಳದ ಹಾಗೆ.

ಆಗಲೇ ಕಿಟಕಿಯಿಂದ ನೊರೆ ಬಂತು.
ಮೊದಲು ಅಂಗೈಯಗಲ, ಆಮೇಲೆ ತಲೆದಿಂಬಿನಷ್ಟು.
ಒಂದು ತುಂಡು ಗ್ಲೋಬಿನ ಮೇಲೆ ಕೂತು ಮೆಲ್ಲಗೆ ಒಡೆಯಿತು.
ಮಕ್ಕಳು ತಿರುಗಿಯೂ ನೋಡಲಿಲ್ಲ.
ಮೇಲೆ ಮಳೆಯಾಗಿದೆ, ಡ್ಯಾಮಿನ ಶಟರು ಎತ್ತಿದ್ದಾರೆ, ಅಷ್ಟೆ.
ಸೇತುವೆಯಲ್ಲಿ ಬೈಕಿನವರು ಬಿಳಿಯೊಳಗೆ ಹೊಕ್ಕು
ಆ ಕಡೆ ಕೆಮ್ಮುತ್ತ ಹೊರಬರುತ್ತಾರೆ.
ಬಿಸಿಯೂಟದ ಪಿಳ್ಳಕ್ಕ ಹೊಳೆಗೆ ಬಟ್ಟೆ ಒಯ್ದು ಎಷ್ಟು ಕಾಲವಾಯಿತೋ.
ಸೋಪು ಅವರೇ ಹಾಕಿ ಕಳಿಸ್ತಾರಲ್ಲ ಸಾರ್, ಅಂತ ನಗುತ್ತಾಳೆ
ಮೊಣಕೈ ಕೆರೆದುಕೊಳ್ಳುತ್ತ.

ಅವರು ಅಂದರೆ ಬೆಂಗಳೂರು.
ನಮ್ಮಕ್ಕನ ಮನೆ ಅಲ್ಲೇ, ವರ್ತೂರು ಕೆರೆಯ ಹತ್ತಿರ, ನಾಲ್ಕನೇ ಮಹಡಿ.
ಹೋದಾಗಲೆಲ್ಲ ಚೆನ್ನಾಗಿ ಬಿಸಿನೀರು ಹುಯ್ದುಕೊಳ್ಳುತ್ತೇನೆ, ಶ್ಯಾಂಪೂ ಹಾಕಿ.
ನಾನು ಬಸ್ಸಲ್ಲಿ ಬರುತ್ತೇನೆ. ಆ ನೀರು ಹಿಂದಿನಿಂದ ಬರುತ್ತೆ,
ಅಲ್ಲಿ ಪಿನಾಕಿನಿಯಾಗಿ, ಇಲ್ಲಿ ಪೆಣ್ಣೈಯಾಗಿ;
ಚೆಕ್‌ಪೋಸ್ಟಿನಲ್ಲಿ ಇಬ್ಬರನ್ನೂ ಯಾರೂ ತಡೆಯುವುದಿಲ್ಲ.
ಇದನ್ನು ತರಗತಿಯಲ್ಲಿ ಹೇಳಲಿಲ್ಲ.

ಸಂಜೆ ನಕಾಶೆ ತಿದ್ದಲು ಕೂತೆ.
ನದಿಗೆಲ್ಲ ನೀಲಿ ಹಚ್ಚಿ ಅಂದಿದ್ದೆ.
ವೆಂಕಟಮುನಿ ಹ್ವಾಂಗ್ ಹೋಗೆ ಹಳದಿಯನ್ನೇ ಬಳಿದಿದ್ದಾನೆ,
ಕಡಲ ಹತ್ತಿರ ಒಂದಿಂಚು ಖಾಲಿ ಬಿಟ್ಟು.
ಕೆಳಗೆ, ನಾನು ಕೇಳದೇ ಇದ್ದ ಇನ್ನೊಂದು ನಕಾಶೆ:
ನಂದಿ ಬೆಟ್ಟ, ಹೊಸಕೋಟೆ, ಕೆಲವರಪಳ್ಳಿ.
ಎರಡು ದಡ ಮಾತ್ರ ಗೀಚಿದ್ದಾನೆ, ನಡುವೆ ಬರೀ ಕಾಗದ.
ಬಣ್ಣ ಮರೆತೆಯಾ, ಅಂತ ಬರೆಯಹೊರಟೆ.
ಕೆಂಪು ಶಾಯಿಯಲ್ಲಿ ‘ಬಣ್ಣ’ ಅನ್ನುವಷ್ಟು ಬಂದಿತ್ತು,
ಆಗ ತಿಳಿಯಿತು.

ರಬ್ಬರು ಉಜ್ಜಿದೆ. ಎಂಜಲು ಹಚ್ಚಿ ಉಜ್ಜಿದೆ.
ಹೊಳೆ ನಡುವೆ ಗುಲಾಬಿ ಬಣ್ಣದ ಕಲೆ,
ಇನ್ನಷ್ಟು ಅಗಲವಾಯಿತು.